ಪಾಷಾ ಭಾಯ್ ಗಾಡಿ ನಿಲ್ತಿದ್ದ ಜಾಗ

ಅಲ್ಲಲ್ಲ, ಆ ಕಡೆ ಬೇಡ ಕಣಮ್ಮ ಇಫ್ರಾ, ಈ ಕಡೆಯಿಂದ ಶುರು ಮಾಡಣ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ರಸ್ತೆನ ಬರೀ ಕಣ್ಣಲ್ಲಿ ನೋಡಿದ್ರೆ ಏನೂ ಇಲ್ಲ, ಧೂಳು, ಹುಳದ ವಾಸ್ನೆ, ಅಷ್ಟೆ. ತಿನ್ಕೊಂಡು ನೋಡ್ಬೇಕು! ಹಸಿವಿಲ್ವಾ? ಚಿಂತಾಮಣಿಯಿಂದ ಬಸ್ಸಲ್ಲಿ ನಿಂತ್ಕೊಂಡು ಬಂದು ಹಸಿವಿಲ್ಲ ಅಂದ್ರೆ ನಾನು ನಂಬಲ್ಲಮ್ಮ.

ನಲ್ಲಪ್ಪಾ, ಒಕ ಪ್ಲೇಟ್ ಪುನುಗುಲು ಪೆಟ್ಟಯ್ಯಾ, ವೇಡಿಗಾ! ಇವನು ಗಡಿ ಆಚೆ ಆಂಧ್ರದೋನು ಕಣಮ್ಮ. ಬಂದು ಇಪ್ಪತ್ತು ವರ್ಷ ಆಯ್ತು, ಇನ್ನೂ ಕನ್ನಡದಲ್ಲಿ ಒಂದು ಪುನುಗುಲೂ ಕೊಟ್ಟಿಲ್ಲ. ತಗೋ. ದೋಸೆ ಹಿಟ್ಟಿನ ಸಣ್ಣ ಬೋಂಡ ಇದು, ಚಟ್ನಿ ಅದ್ದಿ ತಿನ್ನು... ಹಂಗೇ ಕೈಲಿ ಹಿಡ್ಕೊಂಡು ನಿಂತ್ಯಲ್ಲ.

ಹಂಗಾದ್ರೆ ನಿಮ್ಮಪ್ಪ ಮತ್ತೆ ಇಲ್ಲಿ ವಡೆ ಗಾಡಿ ಹಾಕ್ಬೇಕು ಅಂತಾರಾ? ನಾಲ್ಕು ವರ್ಷ ಆದ್ಮೇಲೆ? ಸಂತೋಷ ಕಣಮ್ಮ, ನಿಜವಾಗ್ಲೂ. ಸಾದಿಕ್ ಪಾಷಾ ಅಂಥ ಕೈ ಈಗ ಯಾರ್ದೋ ಹೋಟ್ಲಲ್ಲಿ ಈರುಳ್ಳಿ ಹೆಚ್ತಾ ಕೂತಿದೆ ಅಂದ್ರೆ... ಛೇ. ರಸ್ತೆ ಹೆಂಗಿದೆ, ಜನ ತಿಂತಾರಾ ಇಲ್ವಾ, ನೋಡ್ಕೊಂಡ್ ಬಾ ಅಂತ ನಿನ್ನ ಕಳ್ಸಿದ್ರು. ಸರಿ. ಬಯ್ಯಪ್ಪ ಮಾಮನ್ನೇ ಕೇಳು ಅಂದ್ರಾ? ನನ್ನ ಹೆಸರೇ ಹೇಳಿದ್ರಾ?... ಹೂಂ. ಒಳ್ಳೇದಾಯ್ತು ಬಿಡು.

ಇಗೋ, ಇದು ಪರ್ವೇಜ್ ಕಬಾಬು. ಶನಿವಾರ ಮುಟ್ಟಲ್ಲ ಅನ್ನೋರೆಲ್ಲ ಭಾನುವಾರ ಇಲ್ಲೇ ಸಾಲು ನಿಂತಿರ್ತಾರೆ! ಅದರ ಪಕ್ಕ ಮಸಾಲ ಪುರಿ. ಅದರಾಚೆ ತಮಿಳರ ಅಜ್ಜಿ ಸುಂಡಲು, ನಮ್ಮ ಕಡ್ಲೆ ಉಸ್ಲಿ ಇದ್ದಂಗೆ. ಈ ರಸ್ತೇಲಿ ಜಾತಿ ಕೇಳಿ ತಿಂದೋರನ್ನ ನಾನು ಕಾಣೆ. ಬೆಳಗ್ಗೆ ಗೂಡು ಹರಾಜಾಯ್ತು ಅಂದ್ರೆ ಗೂಡು ತರೋ ಸಾದಲಿಯವರು, ಆಂಧ್ರದವರು, ಗೂಡು ಕೊಂಡು ನೂಲು ಬಿಚ್ಚೋ ನಮ್ಮಂಥೋರು, ಎಲ್ರೂ ಮೊದಲು ಓಡ್ತಿದ್ದಿದ್ದು ಎಲ್ಲಿಗೆ ಹೇಳು? ನಿಮ್ಮಪ್ಪನ ಪುದೀನ ವಡೆಗೆ. ಇಲ್ಲಿ... ಇದೇ ಜಾಗ ಕಣಮ್ಮ. ಈ ಹುಣಸೆ ಮರದ ಕೆಳಗೆ.

ಯಾರೂ ಹಾಕಿಲ್ಲ. ನಾಲ್ಕು ವರ್ಷದಿಂದ ಖಾಲಿ. ಯಾಕೆ ಅಂದ್ರೆ... ನಿಂಗೊತ್ತಲ್ಲ, ಆ ಮಾತು. ಪಾಷಾ ಹುಳದೆಣ್ಣೇಲಿ ವಡೆ ಕರೀತಾನೆ ಅಂತ. ಥೂ, ಎಂಥ ಮಾತು! ನೂಲು ತೆಗೆದ್ಮೇಲೆ ಸತ್ತ ಹುಳ ಉಳಿಯುತ್ತಲ್ಲ, ಅದನ್ನ ಒಣಗ್ಸಿ ಎಣ್ಣೆ ತೆಗೀತಾರೆ, ಸೋಪಿಗೆ ಹೋಗುತ್ತೆ. ಅದನ್ನ ಯಾರಾದ್ರೂ ಬಾಣಲಿಗೆ ಹಾಕ್ತಾರಾ? ಹಾಕಿದ್ರೆ ಆ ನಾತಕ್ಕೆ ನಾಯೀನೂ ನಿಲ್ಲಲ್ಲ. ಆದ್ರೂ ಜನ ನಂಬಿದ್ರು. ಯಾರೋ ಅಂದ್ರಂತೆ, ಇನ್ಯಾರೋ ಕೇಳಿಸ್ಕೊಂಡ್ರಂತೆ. ಆಡಿದ ಮಾತು, ಒಡೆದ ಮುತ್ತು. ಯಾರನ್ನ ಅಂತ ಹುಡುಕೋದು? ಗಾಡಿ ಕೆಳಗೆ ಡಬ್ಬ ಇದ್ದಿದ್ದು ನಿಜ. ಮೇಲೆ ಕಡ್ಲೆಕಾಯಿ ಎಣ್ಣೆ ಚೀಟಿ, ಒಳಗೆ ಹುಳದೆಣ್ಣೆ, ಮುಚ್ಚಳಕ್ಕೆ ಹಳೇ ಪಂಚೆ ತುಂಡು ಸುತ್ತಿ...

ಏನಮ್ಮ? ಯಾಕೆ ಹಂಗೆ ನೋಡ್ತೀಯ?

ನಂಗೆ ಹೆಂಗೆ ಗೊತ್ತು ಅಂತಾನಾ? ಅಲ್ಲೇ ನಿಂತಿದ್ನಲ್ಲ. ಎಲ್ರೂ ನಿಂತಿದ್ರು. ಎಲ್ರಿಗೂ ಗೊತ್ತಿರುತ್ತೆ, ಪಂಚೆ ತುಂಡು... ಬಾ, ಮುಂದಕ್ಕೆ ಹೋಗಣ. ಬಿಸಿಲು ಇಳೀತಾ ಬಂತು, ಬಸ್ಸು ತಪ್ಪಿ ಹೋಗುತ್ತೆ. ಬಾರಮ್ಮ. ಯಾಕೆ ಅಲ್ಲೇ ನಿಂತೆ?

ಆ ಮರದ ಬುಡಾನೇ ನೋಡ್ತಿದೀಯಲ್ಲ ತಾಯಿ.

...ನನ್ನ ಪಂಚೆ ಕಣಮ್ಮ ಅದು. ಡಬ್ಬಾನೂ ನನ್ನದೇ. ಎಣ್ಣೆ ಕೊಳ್ಳೋನು ಬಂದಿರ್ಲಿಲ್ಲ, ಎಲ್ಲಿಡೋದು? 'ಪಾಷಾ ಭಾಯ್, ಒಂದು ಗಂಟೆ ನಿನ್ನ ಗಾಡಿ ಕೆಳಗೆ ಇರ್ಲಿ' ಅಂದೆ. 'ಇಡು ಬಯ್ಯಣ್ಣ, ಅದಕ್ಕೇನು' ಅಂದ್ರು. ಅಷ್ಟೇ ಅವರ ತಪ್ಪು. ಸಾದಲಿ ವೆಂಕಟರಾಯಪ್ಪ ಬಂದು ಮೂಗು ಮುಚ್ಕೊಂಡ. 'ಏನಯ್ಯಾ ಇದು, ಗಾಡಿ ಕೆಳಗಿಂದ ಹುಳದ ವಾಸ್ನೆ?' ಅಂದ. ನಾನು ಬಾಯ್ತುಂಬ ವಡೆ ಇಟ್ಕೊಂಡು ನಿಂತಿದ್ದೆ. ಅದು ನನ್ನ ಡಬ್ಬ ಅಂದಿದ್ರೆ ಮುಗೀತಿತ್ತು. ಏನಂದೆ ಗೊತ್ತಾ? 'ಅದಕ್ಕೇ ಅಲ್ವೇನಯ್ಯಾ ಪಾಷಾ ವಡೆ ಇಷ್ಟು ಗರಿಗರಿ!' ಎಲ್ರೂ ನಕ್ರು. ನಿಮ್ಮಪ್ಪಾನೂ ನಕ್ರು.

ತಮಾಷೆ ಕಣಮ್ಮ! ದೇವರಾಣೆಗೂ ತಮಾಷೆ... ಆವತ್ತು ತಮಾಷೆನೇ. ಮಾರನೇ ದಿನ ಸಾದಲಿಯವರು ಬರ್ಲಿಲ್ಲ. ಅದರ ಮಾರನೇ ದಿನ ಆಂಧ್ರದವರೂ ಬರ್ಲಿಲ್ಲ. ಪಾಷಾ ಭಾಯ್ ಬಾಣಲಿ ಎತ್ತಿ ಎತ್ತಿ ತೋರ್ಸೋರು, 'ನೋಡ್ರಪ್ಪಾ, ಮೂಸ್ರಪ್ಪಾ' ಅಂತ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡ್ತಿದ್ದೆ. ಹತ್ತೇ ಹೆಜ್ಜೆ. ಕಾಲೇ ಬರ್ಲಿಲ್ಲ.

ಯಾಕೆ ಅಂತ ಕೇಳ್ಬೇಡಮ್ಮ.

ಬೇಡ, ನಾನೇ ಹೇಳ್ಬಿಡ್ತೀನಿ... ಅದೋ, ಅಲ್ಲಿ ಜನ ಮುತ್ಕೊಂಡಿದಾರಲ್ಲ ಬೋಂಡ ಬಂಡಿ, ಮೊದ್ಲೇ ಅತ್ತ ಹೊರಟಿದ್ದೆ ನೀನು, ನಾನು ಬೇಡ ಅಂತ ಈ ಕಡೆ ಎಳ್ಕೊಂಡ್ ಬಂದೆ. ಅದು ನಮ್ಮನೆಯವಳು ಕದಿರಮ್ಮನ್ದು. ಆವಾಗ ಹೊಸದಾಗಿ ಹಾಕಿದ್ಲು. ದಿನಾ ಅರ್ಧ ಹಿಟ್ಟು ಮಿಕ್ಕಿ, ಸಂಜೆ ಅಳ್ತಾ ಬಂಡಿ ತಳ್ಕೊಂಡ್ ಬರೋಳು. ಆ ವಾರ ಒಂದಿನಾನೂ ಹಿಟ್ಟು ಮಿಗ್ಲಿಲ್ಲ. ನಗ್ತಾ ಬಂದ್ಲು. ನಾಳೆ ಹೇಳಣ ಅಂದ್ಕೊಂಡೆ, ನಾಡಿದ್ದು ಹೇಳಣ ಅಂದ್ಕೊಂಡೆ... ಅಷ್ಟರಲ್ಲಿ ನಿಮ್ಮಪ್ಪ ಗಾಡಿ ಮಾರಿ, ನಿಮ್ಮನ್ನೆಲ್ಲ ಕರ್ಕೊಂಡು ಊರೇ ಬಿಟ್ರು. ಬಸ್ಸು ಹತ್ಸೋಕೆ ನಾನೂ ಹೋಗಿದ್ದೆ ಕಣಮ್ಮ. ಹಾಸಿಗೆ ಗಂಟು ನಾನೇ ಮೇಲಿಟ್ಟೆ. ಎಂಥ ಮನುಷ್ಯ ನೋಡು ನಾನು! ಒಂದೊಂದು ಸಲ ನನ್ನ ಮುಖ ನಂಗೇ ನೋಡೋಕಾಗಲ್ಲ.

ಬೈದ್ಬಿಡಮ್ಮ. ಆ ಪುನುಗುಲು ನನ್ನ ಮುಖಕ್ಕೆ ಎಸೆದ್ರೂ ತಗೊಂತೀನಿ.

...ನಿಂಗೆ ಆಶ್ಚರ್ಯಾನೇ ಆಗ್ಲಿಲ್ವಲ್ಲ.

ಗೊತ್ತಿತ್ತಾ? ಅಯ್ಯೋ... ಮೊದಲಿಂದಾನೂ? ನಿಮ್ಮಪ್ಪಂಗೂ? ಹೌದಲ್ವಾ, ಡಬ್ಬ ಇಟ್ಟೋನು ಯಾರು ಅಂತ ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ. ಗೊತ್ತಿದ್ದೂ ಒಂದಿನ ನನ್ನ ಹೆಸರು ಎತ್ಲಿಲ್ಲ. ಬಯ್ಯಣ್ಣನೇ ಹೇಳ್ತಾನೆ, ಇವತ್ತಲ್ಲ ನಾಳೆ ಹೇಳ್ತಾನೆ ಅಂತ ಕಾದ್ರಾ? ನಾಲ್ಕು ವರ್ಷ?

ನನ್ನ ಹತ್ರಾನೇ ಕಳ್ಸಿದಾರೆ ನಿನ್ನ. ನನ್ನ ಹತ್ರಾನೇ.

ಆಯ್ತು, ಕೇಳು. ನಮ್ಮ ಬಂಡಿ ಪಕ್ಕಾನೇ ಜಾಗ ಬಿಡಿಸ್ತೀನಿ. ಬೇಡ್ವಾ? ಹಂಗಾದ್ರೆ ನಾನೇ ಚಿಂತಾಮಣಿಗೆ ಬಂದು ಅವರ ಕಾಲು ಹಿಡ್ಕೊಂತೀನಿ, ನಾಳೇನೇ... ತಲೆ ಆಡಿಸ್ತೀಯಲ್ಲ. ಅದೂ ಬೇಡ್ವಾ? ಮತ್ತೇನು ಮಾಡ್ಲಿ ಹೇಳು. ಯಾಕೆ ಆ ಜನಾನೇ ನೋಡ್ತಿದೀಯ?

ಓ.

ಇಲ್ಲೇನಾ? ಇವತ್ತೇನಾ? ಇಷ್ಟು ಜನದ ಮುಂದೆ? ಕದಿರಮ್ಮಂಗೂ ಗೊತ್ತಿಲ್ಲ ಕಣಮ್ಮ. ಅವಳ ಕೈ ರುಚಿಗೇ ಜನ ಬಂದ್ರು ಅಂತ ತಿಳ್ಕೊಂಡಿದಾಳೆ. ಇದೊಂದು ಕೇಳಿದ್ರೆ ಅವಳು ನನ್ನ...

ಸರಿ. ಬಾ. ನೀನು ನನ್ನ ಪಕ್ಕದಲ್ಲೇ ನಿಂತ್ಕೊ, ಅಷ್ಟು ಸಾಕು.

ಲೇ ಕದಿರೀ, ಬಾಣಲಿ ಇಳ್ಸು. ಇಳ್ಸೇ, ಆಮೇಲೆ ಕರಿಯುವಂತೆ. ಈ ಹುಡುಗಿ ಯಾರು ಅಂತಾನಾ? ಹೇಳ್ತೀನಿ, ಅದೂ ಹೇಳ್ತೀನಿ. ನಲ್ಲಪ್ಪಾ, ಇಟ್ಲ ರಾವಯ್ಯಾ. ಪರ್ವೇಜ್, ನೀನೂ ಬಾಪ್ಪ. ಎಲ್ರೂ ಸ್ವಲ್ಪ ಕೇಳ್ರಪ್ಪಾ... ನಾಲ್ಕು ವರ್ಷದ ಹಿಂದೆ ಪಾಷಾ ಭಾಯ್ ಗಾಡಿ ಕೆಳಗೆ ಒಂದು ಡಬ್ಬ ಇತ್ತಲ್ಲ... ಆ ಡಬ್ಬ ನನ್ನದು.