ಗೊತ್ತಿಲ್ಲದ ನಂಬರು

ಮಾನ್ಯ ಅಧ್ಯಕ್ಷರಾದ ಗೊಂಡ್ವೆ ಅವರೇ, ನಮ್ಮ ರೇಡಿಯೋ ಕೇಂದ್ರದ ಮುಖ್ಯಸ್ಥೆ ಶ್ರೀಮತಿ ಕುಮ್ವೆಂಡಾ ಅವರೇ, ಪ್ರಾರ್ಥನೆ ಮಾಡಿ ಈ ಸಭೆಯನ್ನು ದೇವರಿಗೆ ಒಪ್ಪಿಸಿದ ಪಾದ್ರಿಗಳೇ, ಮ್ಜುಜು ನಗರದ ಮೊಬೈಲ್ ಮತ್ತು ರೇಡಿಯೋ ರಿಪೇರಿಗಾರರ ಸಂಘದ ಬಂಧುಗಳೇ, ಮತ್ತು ಕೆಟ್ಟ ಫೋನನ್ನು ಚೀಲದಲ್ಲಿ ಇಟ್ಟುಕೊಂಡೇ ಬಂದಿರುವ ಸಭಿಕರೇ,

ನಗಬೇಡಿ. ಬಾಗಿಲಲ್ಲೇ ಮೂವರು ನನ್ನನ್ನು ತಡೆದು ನಿಲ್ಲಿಸಿದರು. ಸನ್ಮಾನ ಮಾಡಿಸಿಕೊಳ್ಳಲು ಹೊರಟವನು ಒಂದು ಚಾರ್ಜರಿನ ವೈರು ಸುತ್ತಿ ಕೊಟ್ಟು ವೇದಿಕೆ ಹತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಸನ್ಮಾನ ಯಾವುದಿದೆ?

ನನ್ನ ತಾಯಿ ನನಗೆ ಸುಜ್ಗೊ ಎಂದು ಹೆಸರಿಟ್ಟಳು. ಸುಜ್ಗೊ ಎಂದರೆ ತೊಂದರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಾನು ಹುಟ್ಟಿದ ವರ್ಷ ತಂದೆ ಸರೋವರದಲ್ಲಿ ಮುಳುಗಿ ಹೋದ. ಆ ಹೆಸರನ್ನು ಅವಳು ಹುಡುಕಬೇಕಾಗಲಿಲ್ಲ. ಹತ್ತು ವರ್ಷದಿಂದ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ರೇಡಿಯೋದಲ್ಲಿ “ನಿಮ್ಮ ತೊಂದರೆ ಏನು?” ಎಂದು ಕೇಳುತ್ತಾ ಬಂದಿದ್ದೇನೆ. ತೊಂದರೆ ಎಂಬ ಹೆಸರಿನವನೇ ಹೀಗೆ ಕೇಳುವುದು ನಿಮಗೆಲ್ಲ ತಮಾಷೆ. ನನಗೂ ತಮಾಷೆಯೇ.

ಈ ಹತ್ತು ವರ್ಷದಲ್ಲಿ ನಾನು ಕೊಟ್ಟ ಸಲಹೆಗಳೆಲ್ಲ ಸರಿಯಾಗಿದ್ದವೇ? ಖಂಡಿತ ಇಲ್ಲ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹುಗಿದಿಡಿ ಎಂದು ಒಮ್ಮೆ ಹೇಳಿದೆ. ಒಬ್ಬ ತಾಯಿಯ ಮನೆಯಲ್ಲಿ ಅಕ್ಕಿ ಇರಲಿಲ್ಲ, ಮೆಕ್ಕೆಜೋಳದ ಹಿಟ್ಟಿತ್ತು. ಹಿಟ್ಟಿನಲ್ಲೇ ಹುಗಿದರು. ಮೂರು ದಿನದ ಮೇಲೆ ಅಂಗಡಿಗೆ ತಂದು, “ಸ್ವಾಮೀ, ಚಾರ್ಜರ್ ಚುಚ್ಚೋ ತೂತಿನಲ್ಲಿ ನ್ಸಿಮಾ ಮುದ್ದೆ ಆಗಿದೆ, ಜೊತೆಗೆ ಸೊಪ್ಪು ತರಬೇಕಾ?” ಎಂದರು. ನಿಜ ಹೇಳಬೇಕೆಂದರೆ ಅಕ್ಕಿಯೂ ಅಷ್ಟೇನೂ ಉಪಯೋಗವಿಲ್ಲ. ಫೋನು ಆರಿಸಿ, ಗಾಳಿಗಿಟ್ಟು, ಸುಮ್ಮನಿರಿ. ಸುಮ್ಮನಿರುವುದೇ ಅರ್ಧ ರಿಪೇರಿ. ಆದರೆ ಸುಮ್ಮನಿರಿ ಎಂದು ಹೇಳುವವನಿಗೆ ರೇಡಿಯೋದಲ್ಲಿ ಯಾರು ಕಾರ್ಯಕ್ರಮ ಕೊಡುತ್ತಾರೆ?

ರೇಡಿಯೋ ಸೆಲ್ಲುಗಳನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗೆ ಇಟ್ಟರೆ ಇನ್ನೆರಡು ದಿನ ಬರುತ್ತವೆ ಎಂಬುದನ್ನು ಮಾತ್ರ ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅದನ್ನು ಕಲಿಸಿದವನು ನನ್ನ ಅಣ್ಣ ವೊಂಗಾನಿ. ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು, ಚಿಲುಂಬಾದ ದಂಡೆಯಲ್ಲಿ ಮೀನು ಹಿಡಿಯುವವನು. ಅವನು ಹಿಡಿದ ಉಸಿಪಾ ಮೀನಿನಿಂದ ನಾನು ಶಾಲೆಗೆ ಹೋದೆ. ಇವತ್ತು ಅವನ ವಿಷಯ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನೋಡಿ, ಈ ಚೀಟಿಯಲ್ಲಿ ಬ್ಯಾಟರಿ, ಚಾರ್ಜರು, ನಕಲಿ ಸ್ಕ್ರೀನು, ಆಮೇಲೆ ಕೃತಜ್ಞತೆ ಎಂದಷ್ಟೇ ಇದೆ.

ಹೋಗಲಿ, ಬಾಯಿಗೆ ಬಂದ ಮೇಲೆ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಅವನಿಗೆ ಒಂದು ಫೋನು ಕೊಟ್ಟೆ. ನಾನೇ ಕೂತು ಸರಿಮಾಡಿದ್ದು, ಅಕ್ಷರ ದೊಡ್ಡದು, ಸದ್ದು ಜೋರು. ಒಂದು ತಿಂಗಳಲ್ಲಿ ಅದನ್ನು ದೋಣಿಯಿಂದ ನೀರಿಗೆ ಬೀಳಿಸಿದ. ಇನ್ನೊಂದು ಕೊಟ್ಟೆ. ಅದನ್ನು ಯಾರಿಗೋ ಹೆರಿಗೆಯ ಖರ್ಚಿಗೆಂದು ಮಾರಿ ಹಣ ಕೊಟ್ಟುಬಿಟ್ಟ. ನನಗೆ ಸಿಟ್ಟು ಬಂತು. ನಿನಗೆ ಫೋನು ಇಟ್ಟುಕೊಳ್ಳುವ ಯೋಗ್ಯತೆಯೇ ಇಲ್ಲ ಎಂದೆ. ಅವನು ನಕ್ಕ. ದಂಡೆಯ ಮೇಲೆ ಇರುವ ಫೋನೆಲ್ಲ ನನ್ನದೇ, ಯಾರದಾದರೂ ಇಸಿದುಕೊಂಡು ಮಿಸ್ ಕಾಲ್ ಕೊಡುತ್ತೇನೆ ಎಂದ. ನಮ್ಮ ಮನೆಯಲ್ಲಿ ಮೊದಲಿನಿಂದ ಒಂದು ಲೆಕ್ಕವಿದೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಎರಡು ಸಲ ಕೊಟ್ಟು ಬಿಟ್ಟರೆ, ಚೆನ್ನಾಗಿದ್ದೇನೆ, ನಿನ್ನ ನೆನಪಾಯಿತು ಎಂದು. ಮೂರು ಸಲ ಕೊಟ್ಟರೆ, ನೀನೇ ಫೋನ್ ಮಾಡು, ಮಾತಿದೆ ಎಂದು.

ಆಮೇಲೆ ಎರಡೂ ಬರಲಿಲ್ಲ, ಮೂರೂ ಬರಲಿಲ್ಲ.

ಅಣ್ಣನಿಗೆ ನನ್ನ ಮಾತು ನಾಟಿದೆ ಎಂದುಕೊಂಡೆ. ಅವನೇ ಕೊಡಲಿ ಎಂದು ಬಿಗಿದುಕೊಂಡು ಕೂತೆ. ಇಲ್ಲಿಂದ ಚಿಲುಂಬಾಕ್ಕೆ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ದಿನವೂ ಇಲ್ಲ. ಹೋಗಲಿಲ್ಲ. ನಾನು ಮದುವೆಯಾದವನಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲೇ ನನ್ನ ಸಂಸಾರ. ಒಬ್ಬನಿಗೆ ನ್ಸಿಮಾ ತಿರುವುವುದು ಕಷ್ಟ ಸಭಿಕರೇ, ಎಷ್ಟು ಕಡಿಮೆ ಹಿಟ್ಟು ಹಾಕಿದರೂ ಇನ್ನೊಬ್ಬರಿಗೆ ಆಗುವಷ್ಟು ಉಳಿಯುತ್ತದೆ. ಶನಿವಾರ ಬೆಳಿಗ್ಗೆ ಸಾವಿರಾರು ಮನೆಗಳಲ್ಲಿ ಮಾತಾಡಿ ಬಂದು, ಮಧ್ಯಾಹ್ನ ಉಳಿದ ಮುದ್ದೆಯ ಮುಂದೆ ಕೂರುತ್ತಿದ್ದೆ. ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಜೊತೆಯ ಹಾಗೆ ಆಗಿಹೋಗಿತ್ತು.

ಕಳೆದ ಮಂಗಳವಾರ ನಿಮ್ಮ ಸಂಘದ ಕಾರ್ಯದರ್ಶಿ ತಿವೊಂಗೆ ಮ್ಹಾಂಗೊ ನನ್ನ ಅಂಗಡಿಗೆ ಬಂದರು. ಅಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ತಲೆ ತಗ್ಗಿಸಬೇಡಿ ತಾಯಿ, ನಿಮ್ಮ ತಪ್ಪಿಲ್ಲ. ಈ ಸಮಾರಂಭದ ವಿಷಯ ತಿಳಿಸಲು ತಂಗಿಯ ಫೋನಿನಿಂದ ಹತ್ತು ಸಲ ಮಾಡಿದರಂತೆ, ನಾನು ಎತ್ತಲಿಲ್ಲವಂತೆ. ಒಂದು ಸಲವೂ ರಿಂಗ್ ಆಗಿಲ್ಲ ಎಂದು ನಾನು ವಾದಿಸಿದೆ. ಫೋನು ಕೆಟ್ಟಿದೆ ಎಂದು ರಿಪೇರಿಯವನಿಗೇ ಹೇಳಿದರೆ ಕೇಳುತ್ತಾನೆಯೇ? ಅವರೂ ರಿಪೇರಿಯವರೇ. ಫೋನು ಕಿತ್ತುಕೊಂಡು ನೋಡಿ, “ಅಣ್ಣಾ, ಗೊತ್ತಿಲ್ಲದ ನಂಬರಿಂದ ಬಂದದ್ದು ರಿಂಗ್ ಆಗದ ಹಾಗೆ ಮಾಡಿದೀರಲ್ಲ. ರೇಡಿಯೋದಲ್ಲಿ ನೀವೇ ನಮಗೆಲ್ಲ ಹೇಳಿಕೊಟ್ಟಿದ್ದು, ಮರೆತ್ರಾ?” ಎಂದರು.

ನಿಮಗೆ ನೆನಪಿರಬೇಕು. ಮೂರು ವರ್ಷದ ಹಿಂದೆ, ಬಹುಮಾನ ಬಂದಿದೆ, ಪಿನ್ ಹೇಳಿ ಎಂದು ಕಳ್ಳರು ಊರಿಗೆಲ್ಲ ಫೋನ್ ಮಾಡುತ್ತಿದ್ದರು. ಆಗ ನಾನು, ನಿಮ್ಮ ಪಟ್ಟಿಯಲ್ಲಿ ಇಲ್ಲದ ನಂಬರಿನ ಬಾಯಿ ಮುಚ್ಚಿಸಿ ಎಂದು ದಾರಿ ಹೇಳಿಕೊಟ್ಟೆ. ಮಾತಾಡುತ್ತಲೇ ಮೊದಲು ನನ್ನ ಫೋನಿನಲ್ಲಿ ಮಾಡಿ ತೋರಿಸಿದೆ. ಅಂದಿನಿಂದ ಫೋನು ಎಷ್ಟು ಶಾಂತವಾಯಿತು! ಪುಕ್ಕಟೆ ಸಲಹೆ ಕೇಳುವವರ ಕಾಟವೂ ತಪ್ಪಿತು ಎಂದು ಖುಷಿಪಟ್ಟೆ. ಮಿಸ್ ಕಾಲ್ ಪಟ್ಟಿಯಲ್ಲಿ ಬಂದು ಬಿದ್ದಿರುವ ನಂಬರುಗಳನ್ನು ಕಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿದ್ದೆ. ಯಾರೋ ಏನೋ ಎಂದು ಬಿಟ್ಟಿದ್ದೆ.

ತಿವೊಂಗೆ ಅವರು ಹೋದ ಮೇಲೆ ಆ ಪಟ್ಟಿಯನ್ನು ಮೊದಲ ಸಲ ಓದಿದೆ. ಪ್ರತಿ ಶನಿವಾರ ಹತ್ತು ಗಂಟೆ ದಾಟಿದ ಕೂಡಲೇ, ಅಂದರೆ ನನ್ನ ಕಾರ್ಯಕ್ರಮ ಮುಗಿದ ಕೂಡಲೇ, ಎರಡು ಮಿಸ್ ಕಾಲ್. ಒಂದು ವಾರ ಒಂದು ನಂಬರು, ಮುಂದಿನ ವಾರ ಇನ್ನೊಂದು. ಫೋನು ಎಷ್ಟು ಹಳೆಯದನ್ನು ಉಳಿಸಿಕೊಂಡಿತ್ತೋ ಅಷ್ಟೂ ಶನಿವಾರ ಎರಡೆರಡು. ಈ ವರ್ಷದ ಫೆಬ್ರವರಿಯಲ್ಲಿ ಅದು ಮೂರಾಯಿತು. ಶನಿವಾರ ಮೂರು. ಸೋಮವಾರ ಮೂರು. ಮತ್ತೆ ಮೂರು, ಮತ್ತೆ ಮೂರು. ಮಾರ್ಚ್ ಕೊನೆಗೆ ನಿಂತುಹೋಯಿತು.

ಕೊನೆಯ ನಂಬರಿಗೆ ಮಾಡಿದೆ. ಎತ್ತಿದವಳು ಚಿಲುಂಬಾದ ದಂಡೆಯಲ್ಲಿ ಮೀನು ಒಣಗಿಸುವ ಹೆಂಗಸು, ನ್ಯಾಮ್ಸಿಸ್ಕಾ. ಹೆಸರು ಹೇಳಿದೆ.

“ರೇಡಿಯೋದವ್ರಾ? ಈಗ ಮಾಡ್ತಿದೀರಾ? ನಿಮ್ಮಣ್ಣ ನನ್ನ ಫೋನ್ ಮುಂದಿಟ್ಕೊಂಡು ಇಲ್ಲೇ ಕೂತಿರೋನು. ಮಾಡ್ತಾನೆ ಮಾಡ್ತಾನೆ ಅನ್ನೋನು. ನನ್ನ ಗಿರಾಕಿಗಳ ಫೋನ್ ಬಂದ್ರೂ ಬೇಗ ಮುಗ್ಸು ಅಂತ ಬೈಯೋನು.”

ಅವಳೇ ಎಲ್ಲ ಹೇಳಿದಳು. ಫೆಬ್ರವರಿಯಲ್ಲಿ ಅಣ್ಣನ ಕಣ್ಣಿನೊಳಗೆ ಒತ್ತಡ ಏರಿತ್ತು. ತಿಂಗಳೊಳಗೆ ಮ್ಜುಜುವಿನ ದೊಡ್ಡಾಸ್ಪತ್ರೆಗೆ ಹೋಗಿ, ತಡಮಾಡಿದರೆ ಕೈಮೀರುತ್ತದೆ ಎಂದು ಚಿಲುಂಬಾದ ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಸೇರಿದವನ ಜೊತೆ ಬೇಯಿಸಿ ಹಾಕಲು, ಕೈ ಹಿಡಿದು ನಡೆಸಲು ಮನೆಯವರು ಒಬ್ಬರು ಇರಲೇಬೇಕಲ್ಲ. ಅತ್ತಿಗೆ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಅವನಿಗೆ ಮನೆಯವರು ಎಂದರೆ ನಾನೊಬ್ಬ. ದಂಡೆಯವರು ನಾವು ಬರುತ್ತೇವೆ ಎಂದರೆ, ತಮ್ಮ ಇರುವಾಗ ನೀವೇಕೆ, ಅವನಿಗೆ ಅವಮಾನ ಎಂದನಂತೆ. ಈಗ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕಷ್ಟೇ ತಿಳಿಯುತ್ತದೆ, ಆಳು ತಿಳಿಯುವುದಿಲ್ಲ.

ಅವಳು ಫೋನನ್ನು ಅವನ ಕಿವಿಗೆ ಹಿಡಿದಳು. ಅಣ್ಣಾ ಎಂದೆ.

“ಇವತ್ತು ಶನಿವಾರ ಅಲ್ವಲ್ಲ” ಎಂದ.

ನಾನು ಅಳುತ್ತಲೇ ಸೆಟ್ಟಿಂಗಿನ ವಿಷಯ ವಿವರಿಸಿದೆ. ಅವನು ಪೂರ್ತಿ ಕೇಳಿದ. ಗಿರಾಕಿಯ ಮಾತನ್ನು ನಾನು ಅಷ್ಟು ತಾಳ್ಮೆಯಿಂದ ಎಂದೂ ಕೇಳಿಲ್ಲ.

“ಅದು ನಂಗೊತ್ತು ಕಣೋ. ನೀನು ಹೇಳಿದ ದಿನಾನೇ ದಂಡೆಯವ್ರಿಗೆಲ್ಲ ನಾನೇ ಹೇಳ್ದೆ, ನನ್ನ ತಮ್ಮ ಹೇಳಿದಾನೆ, ಹಾಕ್ಕೊಳ್ಳಿ ಅಂತ. ಅದು ಗೊತ್ತಿಲ್ಲದವ್ರಿಗೆ ತಾನೆ? ಶನಿವಾರ ಹತ್ತು ಗಂಟೆಗೆ ಎರಡು ಸಲ ಕೊಟ್ಟು ಬಿಡೋನು ಯಾರು ಅಂತ ನಿಂಗೆ ತಿಳೀದಾ? ನಾನು ಗೊತ್ತಿಲ್ಲದವನಾ?”

ಸಭಿಕರೇ, ಹತ್ತು ವರ್ಷದಲ್ಲಿ ಯಾವ ಪ್ರಶ್ನೆಗೂ ನಾನು ಬಾಯಿ ಮುಚ್ಚಿಕೊಂಡು ಕೂತವನಲ್ಲ. ತಿಳಿಯದಿದ್ದರೂ ಏನಾದರೊಂದು ಹೇಳುತ್ತಿದ್ದೆ. ಅಂದು ಆ ಪ್ರಶ್ನೆ ಬಿಟ್ಟು ಆಸ್ಪತ್ರೆಯ ಮಾತೆತ್ತಿದೆ. ಕರೆದುಕೊಂಡು ಬರುತ್ತೇನೆ, ಉಳಿದ ಕಣ್ಣನ್ನಾದರೂ ತೋರಿಸೋಣ ಎಂದಾಗ ಅವನು, “ಬೇಡ ಬಿಡು, ಇಲ್ಲಿ ಕಣ್ಣಿಲ್ದೇನೂ ದಾರಿ ಗೊತ್ತು” ಎಂದು ಫೋನು ವಾಪಸು ಕೊಟ್ಟ. ಬುಧವಾರ ನ್ಯಾಮ್ಸಿಸ್ಕಾಳ ಫೋನಿಗೆ ಮೂರು ಮಿಸ್ ಕಾಲ್ ಕೊಟ್ಟೆ. ನಿನ್ನೆಯೂ ಕೊಟ್ಟೆ. ಆಮೇಲೆ ಅವಳಿಗೇ ಫೋನ್ ಮಾಡಿ ಕೇಳಿದರೆ, ಅವನಿಗೆ ತಿಳಿಸಿದೆ, ವಾಪಸು ಮಾಡಿಕೊಡು ಎನ್ನಲಿಲ್ಲ ಎಂದಳು. ಕಾಯುವುದು ಎಂದರೆ ಏನೆಂದು ಎರಡೇ ದಿನದಲ್ಲಿ ನನಗೆ ತಿಳಿಯಿತು. ಅವನು ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ ಕಾದಿದ್ದ.

ಆದ್ದರಿಂದ ಇವತ್ತು ನಾನು ಕೊಡುವ ಸಲಹೆ ಒಂದೇ. ದಯವಿಟ್ಟು ಫೋನು ಹೊರಗೆ ತೆಗೆಯಿರಿ. ಕರೆಯ ಸೆಟ್ಟಿಂಗಿಗೆ ಹೋಗಿ, ನಾನು ಅಂದು ಹಾಕಿಸಿದ್ದನ್ನು ತೆಗೆದುಹಾಕಿ. ಕಳ್ಳರು ಮಾಡುತ್ತಾರೆ, ಮಾಡಲಿ. ಪಿನ್ ಹೇಳಬೇಡಿ, ಅಷ್ಟೇ. ನಮ್ಮವರಲ್ಲಿ ಅರ್ಧ ಜನ ಪರರ ಫೋನಿನಿಂದಲೇ ನಮ್ಮನ್ನು ಕರೆಯುವವರು. ಇದನ್ನು ತಿಳಿದೂ ನಾನು ಹಾಗೆ ಹೇಳಿದೆ. ನನ್ನ ಮಾತು ಕೇಳಿ ಯಾರ ಯಾರ ಬಾಯಿ ಮುಚ್ಚಿಸಿದ್ದೀರೋ, ಅವರೆಲ್ಲರ ಕ್ಷಮೆ ಕೇಳುತ್ತೇನೆ.

ನಾಳೆಯ ಕಾರ್ಯಕ್ರಮಕ್ಕೆ ನಾನು ಬರುವುದಿಲ್ಲ ಶ್ರೀಮತಿ ಕುಮ್ವೆಂಡಾ ಅವರೇ, ಊಟಕ್ಕೂ ನಿಲ್ಲುವುದಿಲ್ಲ. ಚಿಲುಂಬಾದ ಬಸ್ಸು ಇನ್ನು ಅರ್ಧ ಗಂಟೆಗಿದೆ. ಅಣ್ಣ ಬಾ ಎಂದಿಲ್ಲ. ಅವನ ಗುಡಿಸಲ ಹೊರಗೆ ನಿಂತು, ಯಾರ ಮನೆಗಾದರೂ ಹೋದರೆ ಒಳಗೆ ಬರಲೇ ಎಂದು ಕೇಳಲು ನಾವು ಕೂಗುವ ಹಾಗೆ “ಓಡೀ” ಎಂದು ಕೂಗುತ್ತೇನೆ. ಅವನಿಗೆ ನನ್ನ ಮುಖ ಕಾಣುವುದಿಲ್ಲ. ಗುರುತು ಹಿಡಿಯಲು ದನಿಯೊಂದೇ. ಒಳಗೆ ಬಾ ಎನ್ನುತ್ತಾನೋ, ಗೊತ್ತಿಲ್ಲದವನೆಂದು ಸುಮ್ಮನಿರುತ್ತಾನೋ, ಅದು ಅವನಿಗೆ ಬಿಟ್ಟದ್ದು. ಒಳಗಿನಿಂದ ಉತ್ತರ ಬರುವವರೆಗೆ ಕೂಗುತ್ತಾ ನಿಂತಿರುತ್ತೇನೆ.

ಕರೆದು ಶಾಲು ಹೊದಿಸಿದ ಸಂಘಕ್ಕೂ, ಇಷ್ಟು ಹೊತ್ತು ಕೇಳಿದ ನಿಮಗೂ ಋಣಿ. ನಮಸ್ಕಾರ.