ಕೂಸಿನ ಕೈಚೀಲ

ಅಯ್ಯ ಅಕ್ಕಾರ, ಕೈಚೀಲ ಅಂದ್ರ ಸಂತಿ ಚೀಲ ಅಲ್ರಿ! ಯಾಕ ನಗತೀರಿ? ಕಾಲಿಗಿ ಹಾಕೂದಕ್ಕ ಕಾಲಚೀಲ ಅಂತೀವಿಲ್ಲೋ? ಹಂಗಾದ್ರ ಕೈಗೆ ಹಾಕೂದು ಏನಾತು?... ನಗರಿ, ನಗರಿ. ಕಾಂತಾನ ಅಪ್ಪಾಜಿನೂ ಹಿಂಗ ನಕ್ಕರು. 'ಮಗಳ ಕೂಸಿಗಿ ಕೈಚೀಲ ಹೆಣಿಯಾಕತ್ತೀನಿ' ಅಂದ್ರ, 'ಹುಟ್ಟಿದ ಕೂಡ್ಲೆ ಸಂತಿಗಿ ಕಳಸ್ತೀಯೇನ' ಅಂತಾರ! ಅಜ್ಜ ಆಗೂ ಮನಷ್ಯಾ, ಮಾತ ನೋಡ್ರಿ.

ಇಲ್ಲೆ ಬರ್ರಿ, ಬಾಜೂಕ ಕುಂದರ್ರಿ, ತೋರಸ್ತೀನಿ. ಏನೂ ಅವಘಡ ಇಲ್ಲ. ಕ್ರೋಶಾ ಸೂಜೀಲೆ ಒಂದೀಟ ಸರಪಳಿ ಹಾಕೂದು, ಗುಂಡಗ ಜೋಡಸೂದು, ಸುತ್ತಿಗಿ ಸುತ್ತ ಹೆಚ್ಚಸಕೋತ ಹೋಗೂದು. ಒಳಗ ಲಿಂಬಿಹಣ್ಣ ಕುಂದ್ರೂವಷ್ಟ ಆತಂದ್ರ ಹೆಚ್ಚಸೂದ ಬಿಡೂದು. ಹೆಬ್ಬೆರಳಿಗಿ ಬ್ಯಾರೆ ಮನಿ ಬ್ಯಾಡ್ರಿ, ಹಸಗೂಸು ಹೆಬ್ಬೆರಳ ತಗೊಂಡ ಏನ ಸಹಿ ಮಾಡತೈತೇನ? ಕಡೀಕ ಒಂದ ಲಾಡಿ ಪೋಣಿಸಿದ್ರ ಮುಗೀತು. ನಮ್ಮ ಕಾಂತಾ ಹುಟ್ಟಿದಾಗ ಇವೆಲ್ಲಾ ಎಲ್ಲಿದ್ದವ್ರಿ? ತನ್ನ ಉಗರಿಲೆ ತಾನ ಮಾರಿ ಗೀರಿಕೊಂಡು, ಬೆಕ್ಕಿನ ಕೂಡ ಜಗಳಾ ಮಾಡಿ ಬಂದಂಗ ಕಾಣತಿದ್ದಳು!

ಏನಂದ್ರಿ? ಹುಟ್ಟೂ ಮೊದಲ ಕೂಸಿಗಿ ಹೊಸಾದ ತರಬಾರದು? ತಂದಿಲ್ಲಲ್ರಿ, ಹೆಣಿಯಾಕತ್ತೀನಿ! ಹೆಹ್ಹೆ...

ಹಾಂ?... ಮತ್ತ ಅದ ಮಾತ ತಗದ್ರಿ ನೋಡ್ರಿ. ನಿಮ್ಮ ಸೊಸಿ ಕಾಂತಾನ್ನ ಕರಿಯಾಕ ಬರತೀವ್ರಿ, ಬರೂದಿಲ್ಲ ಅಂದೀನೇನು? ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಗೊತ್ತೈತಿ. ಅದನ್ನ ಕೇಳಾಕನ ನಿನ್ನಿ ಖಾನಾಪುರದಿಂದ ಬಂದೀರಿ, ಅದೂ ಗೊತ್ತೈತಿ. ಖರೆ... ನೋಡ್ರಿ, ನಮ್ಮ ಈ ಸದಾಶಿವನಗರದಾಗ ನಳಾ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬಾಣಂತಿಗಿ ಎರಿಯಾಕ ಹಂಡೆಗಟ್ಟಲೆ ನೀರ ಬೇಕು. ನಿಮ್ಮ ಕಡೆ ಆದ್ರ ಊರ ಬಾಜೂಕ ಮಲಪ್ರಭಾ... ಹಂಗ ನೋಡಬ್ಯಾಡ್ರಿ, ಬಾಣಂತಿನ್ನ ಹೊಳಿಗಿ ಒಯ್ಯಿರಿ ಅಂದಿಲ್ಲ ನಾ! ಮಾತಿಗಂದೆ. ಮತ್ತ ಜಾಂಬೋಟಿ ಕಡೆ ಗಾಳಿ, ಕೂಸಿಗಿ ಚಲೋ...

ಸಿಟ್ಟ ಬಂತೇನ್ರಿ? ಮಗಳ ಬಾಣಂತನಾ ತಪ್ಪಿಸಿಕೊಳ್ಳೂ ತಾಯಿ ಅಲ್ರಿ ನಾ. ಆ ಕೂಸಿನ್ನ ನನ್ನ ಕಾಲ ಮ್ಯಾಲ ಹಾಕ್ಕೊಂಡ ಎರೀಬೇಕು, ಲೋಬಾನದ ಹೊಗಿ ಹಿಡೀಬೇಕು... ಎಷ್ಟ ಆಸೆ ಐತಿ ಅಂತೀರಿ. ಇರಲಿ. ಬಿಡ್ರಿ ಈಗ ಆ ಮಾತು.

ಅಯ್ಯ, ಬಿಸಲ ನೋಡ್ರಿ, ಹಳದಿ ಆಗಾಕತ್ತು! ಗ್ರಹಣ ಹಿಡೀತು ಕಾಣತೈತಿ. ಹುಬ್ಬಳ್ಳಿ ಕಡೆ ಪೂರಾ ಕತ್ತಲಿ ಆಗತೈತಂತ, ರೇಡಿಯೋದಾಗ ಒದರಾಕತ್ತಾರ. ಬಾಜು ಮನಿ ಕುಲಕರ್ಣಿ ಕಾಕು ಮುಂಜಾನಿಂದ ಕೊಡದಾಗ ದರ್ಭಿ ಹಾಕಿ ಕುಂತಾರ. ಬಸುರಿ ಸೊಸಿ ಪಾಪ ಕತ್ತಲಿ ಕೋಣ್ಯಾಗ. ಬಸುರಿ ಹೆಣಮಗಳು ಗ್ರಹಣದಾಗ ಸೂಜಿ ಹಿಡದ್ರ, ಕತ್ತರಿ ಮುಟ್ಟಿದ್ರ, ಹೊಟ್ಟ್ಯಾಗಿನ ಕೂಸಿಗಿ ಊನ ಅಂತ! ಎಲ್ಲಾ ಸುಳ್ಳ! ನೀವೂ ಏನ ಕಡಿಮಿ ಇಲ್ಲ ಬಿಡ್ರಿ, ಕಾಂತಾನ್ನ ಹೊರಗ ಬಿಡಬ್ಯಾಡ ಅಂತ ನಿಮ್ಮ ನಾದಿನಿ ಕಾಶವ್ವನ್ನ ಕಾವಲ ಕೂಡಿಸಿ ಬಂದೀರಿ. ನಾವು ಲಿಂಗಾ ಕಟ್ಟಿದವರ್ರಿ ಅಕ್ಕಾರ! ಸೂತಕಾ ಗೀತಕಾ ಎಲ್ಲಾ ಬಸವಣ್ಣನ ಕಾಲಕ್ಕನ ತೀರಿ ಹೋಗೇತಿ. ನಮಗೆಲ್ಲೀದು ಗ್ರಹಣ?...

ಹಾಂ? ಈ ಸೂಜಿ ದಾರಾ ಯಾಕ ನನ್ನ ಕೈಯಾಗ ಕೊಡತೀರಿ? ಹಂಗ ಸುಮ್ಮನ ಕೆಳಗ ಇಟ್ಟೀನ್ರಿ. ಹೌದು, ಒಂದ ಸುತ್ತ ಉಳದೈತಿ, ಖರೆ... ಆಮ್ಯಾಲ ಹಾಕಿದ್ರಾತು. ಬೆಳಕ ಕಡಿಮಿ ಆತು. ...ದೀಪಾ ಹಚ್ಚಿದ್ರ್ಯಾ? ಕರೆಂಟ್ ಐತೇನ? ...ಐತಿ. ಹಾಂ. ಅಲ್ರಿ, ಕಣ್ಣೂ ಉರಿಯಾಕತ್ತಾವ. ಕೈಯೂ ಜೋಮ ಹಿಡದೈತಿ. ಬ್ಯಾಡ್ರಿ, ಕತ್ತರಿ ಬ್ಯಾಡ, ಅತ್ತಾಗ ಇಡ್ರಿ ಅದನ್ನ!

...ಒದರಿಲ್ರಿ. ನಾ ಎಲ್ಲೆ ಒದರಿದೆ?

ನಮಗ ಗ್ರಹಣ ಇಲ್ಲ ಅಂದಾಕಿ ನಾನ. ಹೌದು. ಅಂದೀನಿ. ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ ಅಂತೀರೇನ? ಅನ್ರಿ. ...ಏನರೆ ಅನ್ರಿ ಅಕ್ಕಾರ. ಹಂಗ್ಯಾಕ ನೋಡಾಕತ್ತೀರಿ? ಮಾತಾಡೂ ಮುಂದ ಮಾರಿ ನೋಡಬೇಕ್ರಿ, ಹೊಟ್ಟಿ ಯಾಕ ನೋಡತೀರಿ!

...ಎದ್ರ್ಯಾ? ಎಲ್ಲಿ ಹೊಂಟ್ರಿ? ಈಗ ಒಂದ ಬಸ್ಸೂ ಇರೂದಿಲ್ರಿ, ಬೀಗತಿ ಸಿಟ್ಟ ಮಾಡಿ ಹೋದಳು ಅಂತ ನಾಳೆ ನಾಕ ಮಂದಿ... ಓ. ಖಿಡಕಿ ಹಾಕಾಕ. ...ಬಾಗಲಾನೂ? ...ಪಡದಾನೂ ಎಳೀತೀರಿ?

ಹ್ಯಾಂಗ ಹೇಳಲಿರಿ ನಾ! ಹೇಳಿದ್ರ ಮಾನ ಹೋಗತೈತಿ, ಹೇಳದಿದ್ರ ಪ್ರಾಣ. ಮುಟ್ಟ ನಿಂತಾಗ, ವಯಸ್ಸಾತು, ನಿಂತಿರಬೇಕು ಬಿಡು ಅನ್ಕೊಂಡಿದ್ದೆ. ಡಾಕ್ಟರಬಾಯಿ ನೋಡಿ, ಕಿಸಕ್ಕನ ನಕ್ಕಳು. ಇವರಿಗೇನ್ರಿ, ಮೀಸಿ ತಿರುವಕೋತ ಅಡ್ಡಾಡತಾರ. ಹೊತ್ತಾಕಿ ನಾನು! ಮೊನ್ನಿ ಮೊನ್ನಿ ನಿಮ್ಮ ಮನ್ಯಾಗ ಮಗಳಿಗಿ ಕುಬಸಾ ಮಾಡಿ ಉಡಿ ತುಂಬಿ ಬಂದೀನಿ. ಆವಾಗ ನನ್ನ ಉಡೀನೂ ತುಂಬಿತ್ತು ಅಂತ ಯಾರ ಮುಂದ ಹೇಳಲಿ? ತುಂಬಿದ ಬಸುರಿ ಈ ಬಾಗಲದಾಗ ಬಂದ ನಿಂತ್ರ, ಅಕಿಗಿ ನಾ ಎರಿಯೂದೋ, ಅಕಿ ನನಗ ಎರಿಯೂದೋ?

ನನಗ ನಕ್ಕರ ನಡೀತೈತ್ರಿ. ನನ್ನ ಸಲುವಾಗಿ ನಿಮ್ಮ ಮನ್ಯಾಗ, ನಿಮ್ಮ ಊರಾಗ ಅಕಿಗಿ ನಗಬಾರದು. 'ನಿಮ್ಮವ್ವ ಹ್ಯಾಂಗ ಅದಾಳವಾ' ಅಂತ ಕೇಳಿ ಬಾಯಿಗಿ ಸೆರಗ ಹಿಡಕೋತಾರ. ಅದ ಒಂದ ಅಂಜಿಕಿ ನನಗ. ಅದಕ್ಕ ಅಕಿನ್ನ ಕರಕೊಂಡ ಬರಾಕ ಧೈರ್ಯ ಸಾಲಲಿಲ್ಲ. ನಳಾ, ನೀರು, ಗಾಳಿ... ಎಲ್ಲಾ ಬೊಗಳಿ ಮಾತ್ರಿ.

ನಗೂದಿದ್ರ ಮೊದಲ ನೀವ ನಕ್ಕಬಿಡ್ರಿ ಅಕ್ಕಾರ.

ಸೂಜಿ ಯಾಕ ತಗೊಂಡ್ರಿ? ನಿಮಗ ಬರತೈತೇನ್ರಿ? ...ಯವ್ವಾ, ನನ್ನಕಿಂತಾ ಚಂದ ಹಾಕತೀರಿ! ಆ... ಆ ಸುತ್ತ ಮುಗೀತ್ರಿ. ದಾರಾ ಹರೀರಿ. ಹಾಂ. ಕಾಂತಾನ ಕೂಸಿನ ಜೋಡಿ ಆತು.

...ಆತಲ್ರಿ. ಮತ್ಯಾಕ ಹೊಸಾ ಸರಪಳಿ ಹಾಕಾಕತ್ತೀರಿ?

ಅಕ್ಕಾರ? ...ಯಾರಿಗ್ರಿ ಅದು?