ಗಿಡ್ಡಪ್ಪ ಬೆದರಿ ಓಡಲಿಲ್ಲ ಎಂಬ ಬಗ್ಗೆ

ಲಾಯದಮ್ಮ ಎಂದು ಎಲ್ಲರೂ ಕರೆಯುವ, 46 ವರ್ಷ ವಯಸ್ಸಿನ, ಕುದುರೆ ಲಾಯದಲ್ಲಿ ಕೆಲಸ ಮಾಡಿಕೊಂಡು ಅದರ ಹಿಂಭಾಗದ ಎರಡು ಕೋಣೆಯ ಮನೆಯಲ್ಲಿ ಅತ್ತೆಯವರೊಂದಿಗೆ ವಾಸವಾಗಿರುವ ನಾನು, ಇಂದು ಬುಧವಾರ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಲಾಯದಲ್ಲಿ ಸವಾರಿ ಕಲಿಸುವ ಹದಿನಾಲ್ಕು ಕುದುರೆಗಳೂ ಗಿಡ್ಡಪ್ಪ ಎಂಬ ಒಂದು ಪೋನಿಯೂ, ಅಂದರೆ ಗಿಡ್ಡ ತಳಿಯ ಕುದುರೆಯೂ, ಇವೆ. ಗಿಡ್ಡಪ್ಪನ ಎತ್ತರ ನನ್ನ ಎದೆಯವರೆಗೆ. ಆಡು ಮುಟ್ಟದ ಸೊಪ್ಪಿಲ್ಲ, ಇವನು ಮಾಡದ ಕೆಲಸವಿಲ್ಲ. ಹುಲ್ಲು ತರುತ್ತಾನೆ, ನೀರಿನ ಕ್ಯಾನು ಹೊರುತ್ತಾನೆ, ಹಳೆಯ ಕಬ್ಬಿಣದ ಗೇಟೊಂದನ್ನು ಎಳೆದು ಸವಾರಿ ಅಂಗಳದ ಮರಳು ಸಮ ಮಾಡುತ್ತಾನೆ. ಟ್ರ್ಯಾಕ್ಟರಿನಂತೆ ಡೀಸೆಲ್ ಕೇಳುವುದಿಲ್ಲ. ಬೆಳಿಗ್ಗೆ ಲದ್ದಿ ತುಂಬಿದ ಗಾಡಿಯ ಹಲಗೆಗೆ ಎರಡು ಸಲ ಬಡಿದರೆ, 640 ಮೀಟರ್ ದೂರದ ಗೊಬ್ಬರದ ಗುಂಡಿಗೆ ಒಬ್ಬನೇ ನಡೆದು ಹೋಗುತ್ತಾನೆ. ಅಲ್ಲಿ ತೋಟದವರು ಗಾಡಿ ಖಾಲಿ ಮಾಡಿದರೆ ತಾನೇ ತಿರುಗಿ ಬರುತ್ತಾನೆ. ಖಾಲಿಯಾಗದೆ ಒಂದು ಹೆಜ್ಜೆಯನ್ನೂ ಕಿತ್ತಿಡುವುದಿಲ್ಲ. ಇದನ್ನು ಕಲಿಸಿದವಳು ನಾನೇ.

ಅತ್ತೆಯವರಿಗೆ 78 ವರ್ಷ. ಎಂಟು ತಿಂಗಳ ಹಿಂದೆ ಬಿದ್ದು ಮೊಣಕಾಲಿಗೆ ಪೆಟ್ಟಾದ ಮೇಲೆ ಕಿಟಕಿ ಪಕ್ಕದ ಮಂಚವೇ ಅವರ ಲೋಕ. ನಿನ್ನೆ ಬೆಳಿಗ್ಗೆ 8:10ಕ್ಕೆ ಬಿಸಿಲಿಗೆ ಕೂರಬೇಕೆಂದರು. ಕುರ್ಚಿ ತರುತ್ತೇನೆಂದರೂ ಕೇಳದೆ ಗಾಡಿಯೇ ಬೇಕೆಂದು ಹಟ ಹಿಡಿದರು. ಹುಲ್ಲು ತರಲು ಗಿಡ್ಡಪ್ಪನನ್ನು ಹೂಡಿದ್ದ ಗಾಡಿಯನ್ನು ತೊಳೆದಿಟ್ಟಿದ್ದೆ. ಅಂದು ಕುದುರೆಗಳಿಗೆ ಲಾಳ ಕಟ್ಟಲು ಬಂದಿದ್ದವರ ಸಹಾಯದಿಂದ ಅವರನ್ನು ಎತ್ತಿ, ಗೋಣಿಚೀಲ ಹಾಸಿ ಕೂರಿಸಿ, ಕೈಗೆ ಒಂದು ಲೋಟ ಚಹಾ ಕೊಟ್ಟು, ಕಾಳು ಅಳೆಯಲು ಒಳಗೆ ಹೋದೆ.

8:31ಕ್ಕೆ ಹೊರಗೆ ಬಂದು ನೋಡಿದರೆ ಗಾಡಿ ಇಲ್ಲ, ಗಿಡ್ಡಪ್ಪ ಇಲ್ಲ, ಅತ್ತೆಯವರೂ ಇಲ್ಲ. ನಾಲ್ಕು ಹೆಜ್ಜೆ ದೂರದಲ್ಲಿದ್ದ ಲಾಳ ಕಟ್ಟುವವರು, ತಾನು ಕುದುರೆಯ ಗೊರಸು ಹಿಡಿದು ಬಗ್ಗಿದ್ದೆ, ಏನೂ ನೋಡಲಿಲ್ಲ ಎಂದರು. ಅವರ ಸುತ್ತಿಗೆ ಸದ್ದಿಗೇ ಪ್ರಾಣಿ ಬೆದರಿದೆ ಎಂದು ನಾನು ಎಲ್ಲರ ಮುಂದೆ ಅವರನ್ನು ಬಾಯಿಗೆ ಬಂದಂತೆ ಬೈದೆ. ಮುಂದಿನ ಗೇಟು ತೆರೆದಿದ್ದರಿಂದ ರಸ್ತೆಯಲ್ಲೆಲ್ಲ ಹುಡುಕಿದೆ. ಗಾಡಿಯಲ್ಲಿ ಲದ್ದಿ ಇರದ ಕಾರಣ ಗುಂಡಿಯ ಕಡೆ ನೋಡಲಿಲ್ಲ. ಅತ್ತೆಯವರನ್ನೂ ಹೊರೆಯ ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಹೊಳೆಯಲಿಲ್ಲ.

9:05ಕ್ಕೆ ಠಾಣೆಗೆ ಫೋನ್ ಮಾಡಿ, ಪೋನಿ ಬೆದರಿ ಅತ್ತೆಯವರ ಸಮೇತ ಓಡಿದೆ ಎಂದು ಬರೆಸಿದೆ. ಕಾನ್‌ಸ್ಟೇಬಲ್ 9:25ಕ್ಕೆ ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಬಂದ ಲಾಯದ ಯಜಮಾನರು, ಮಕ್ಕಳು ಸವಾರಿ ಕಲಿಯುವ ಜಾಗದಲ್ಲಿ ಬೆದರಿ ಓಡುವ ಪ್ರಾಣಿ ಇಟ್ಟುಕೊಳ್ಳಲಾಗದು, ಶನಿವಾರವೇ ಇಟ್ಟಿಗೆ ಸಾಗಿಸುವವರಿಗೆ ಕೊಟ್ಟುಬಿಡುತ್ತೇನೆ ಎಂದರು. ಹನ್ನೊಂದು ವರ್ಷ ನನ್ನ ಕೈಯಿಂದ ತಿಂದ ಜೀವ ಅದು.

10:12ಕ್ಕೆ ಕಾನ್‌ಸ್ಟೇಬಲ್ ಇಬ್ಬರನ್ನೂ ಗೊಬ್ಬರದ ಗುಂಡಿಯ ಬಳಿ ಕಂಡರು. ತೋಟದವರು ರಜೆಯಲ್ಲಿದ್ದರು. ಗಿಡ್ಡಪ್ಪ ನಿಂತಲ್ಲೇ ತೂಕಡಿಸುತ್ತಿದ್ದ. ಅತ್ತೆಯವರ ಬಟ್ಟೆಯ ಮೇಲೆ ಒಂದು ತೊಟ್ಟು ಚಹಾ ಕೂಡ ಚೆಲ್ಲಿರಲಿಲ್ಲ. ಲಗಾಮು ಎಷ್ಟು ಜಗ್ಗಿದರೂ ಅವನು ಕದಲಲಿಲ್ಲ. ಕಾನ್‌ಸ್ಟೇಬಲ್ ಅತ್ತೆಯವರನ್ನು ಕೆಳಗಿಳಿಸಿದ ಕೂಡಲೇ, ಇನ್ನು ನನ್ನ ಕೆಲಸ ಮುಗಿಯಿತು ಎಂಬಂತೆ ಗಿಡ್ಡಪ್ಪ ಇಬ್ಬರನ್ನೂ ಅಲ್ಲೇ ಬಿಟ್ಟು ಮನೆಗೆ ಹೊರಟ. ಕಾನ್‌ಸ್ಟೇಬಲ್ ಅತ್ತೆಯವರನ್ನು ಬೆನ್ನ ಮೇಲೆ ಹೊತ್ತು 640 ಮೀಟರ್ ನಡೆದರು. ಈ ಹೇಳಿಕೆ ಬರೆದುಕೊಳ್ಳುತ್ತಿರುವವರೂ ಅವರೇ ಆದ್ದರಿಂದ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಧ್ಯಾಹ್ನ 1:15ಕ್ಕೆ ಊಟ ಬಡಿಸುವಾಗ ಅತ್ತೆಯವರು, ಹಲಗೆಗೆ ಎರಡು ಸಲ ಬಡಿದದ್ದು ತಾವೇ ಎಂದರು. ಎಂಟು ತಿಂಗಳಿಂದ ಕಿಟಕಿಯಲ್ಲಿ ಕುಳಿತು, ಗಿಡ್ಡಪ್ಪ ಬೇಲಿಯ ತಿರುವಿನಲ್ಲಿ ಮರೆಯಾಗುವುದನ್ನು ದಿನಾ ನೋಡುತ್ತಿದ್ದರಂತೆ. ಆಚೆಗೆ ಏನಿದೆಯೆಂದು ಕಾಣುವ ಆಸೆಯಾಯಿತಂತೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತಲ್ಲ, ನೀವು ಮರಳಿ ಬಂದ ಮೇಲೂ ಎಲ್ಲರೂ ಲಾಳ ಕಟ್ಟುವವರನ್ನು ದೂರುತ್ತಿದ್ದಾಗ ಯಾಕೆ ತುಟಿ ಬಿಚ್ಚಲಿಲ್ಲ ಎಂದು ಕೇಳಿದೆ. ನೀವೆಲ್ಲ ನನ್ನ ವಿಷಯ ನಿಮ್ಮನಿಮ್ಮಲ್ಲೇ ಕೇಳಿಕೊಂಡಿರಿ, ನನ್ನನ್ನು ಯಾರು ಕೇಳಿದರು ಎಂದರು. ನನಗೆ ನಾಚಿಕೆಯಾಯಿತು. ಆಚೆಗೆ ಏನಿತ್ತು ಎಂದು ಕೇಳಿದೆ. ಒಂದು ಕೆರೆ, ಮೇಲೆ ಒಳ್ಳೆಯ ಬಿಸಿಲು ಎಂದರು.

3 ಗಂಟೆಗೆ ಲಾಳ ಕಟ್ಟುವವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಇದನ್ನೆಲ್ಲ ಕೇಳಿದ ಯಜಮಾನರು ನಕ್ಕು, ಠಾಣೆಯ ಕಾಗದದಲ್ಲಿ ಇದು ಸರಿಯಾಗಿ ದಾಖಲಾದರೆ ಗಿಡ್ಡಪ್ಪ ಇಲ್ಲೇ ಇರಲಿ ಎಂದಿದ್ದಾರೆ. ಆದ್ದರಿಂದ ನಿನ್ನೆಯ ದಾಖಲೆಯಲ್ಲಿ 'ಬೆದರಿ ಓಡಿದೆ' ಎಂದಿರುವುದನ್ನು ಹೊಡೆದುಹಾಕಿ, 'ಹೇಳಿದಂತೆ ನಡೆದಿದೆ' ಎಂದು ಬರೆಯಬೇಕಾಗಿ ಕೋರುತ್ತೇನೆ.

ಇದಕ್ಕೆ ಅತ್ತೆಯವರ ಹೇಳಿಕೆಯೂ ಬೇಕಾದಲ್ಲಿ ನನ್ನನ್ನು ಕೇಳದೆ ಅವರನ್ನೇ ಕೇಳಬೇಕು. ನಾಳೆಯಿಂದ ದಿನಾ ಬೆಳಿಗ್ಗೆ 8:10ರಿಂದ 9ರವರೆಗೆ ಅವರು ಗೊಬ್ಬರದ ಗುಂಡಿಯ ಬಳಿ ಗಾಡಿಯಲ್ಲಿ ಸಿಗುತ್ತಾರೆ.

ಮೇಲೆ ಬರೆಸಿದ್ದೆಲ್ಲ ನಿಜ. ಓದಿ ಹೇಳಿದ್ದನ್ನು ಕೇಳಿ, ಸರಿಯಿದೆ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 12, ಬುಧವಾರ, 11:50
ಸಹಿ: (ಲಾಯದಮ್ಮ)